ಹುಲಿ ಹಾರಬೇಕಾದರೆ ಆಚೆ ಮನೆ ಖಾಲಿ ಇರಬೇಕು

ಪ್ರಶ್ನೆ: ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ, ಶಿವಮೊಗ್ಗದಲ್ಲಿ ಬಿ.ಕಾಂ. ಎರಡನೇ ವರ್ಷ ಓದ್ತಿದ್ದೀನಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗ ನನಗೆ ಕಿಂಗ್ಸ್ ಆಫ್ ವಾರ್ ಅನ್ನೋ ಮೇಜಿನ ಮೇಲಿನ ಯುದ್ಧದಾಟ ಕಲಿಸಿದ. ಊರಿಗೆ ಬಂದಾಗಲೆಲ್ಲ ಜಗಲಿ ಮೇಲೆ ಹಲಗೆ ಹಾಕಿ ಆಡ್ತೀವಿ. ಅಣ್ಣನ ಹತ್ತಿರ ಡ್ರ್ಯಾಗನ್ ಮೇಲೆ ಕೂತ ನಾಯಕ, ಕವಚ ತೊಟ್ಟ ಕುದುರೆ ಸವಾರರ ಎರಡು ರೆಜಿಮೆಂಟ್, ಇನ್ನೂ ಏನೇನೋ ಇದೆ. ನನ್ನದು ಈಟಿ ಹಿಡಿದ ಕಾಲಾಳು, ಎರಡು ರೆಜಿಮೆಂಟ್ ಬಿಲ್ಲುಗಾರರು, ಒಂದಿಷ್ಟು ಚಿಕ್ಕ ತುಕಡಿ. ಎಲ್ಲಾ ರಟ್ಟಿನ ಮೇಲೆ ಅಂಟಿಸಿದ ಕಾಗದದ ಚಿತ್ರ. ಒಂಬತ್ತು ಆಟ ಆಡಿದ್ದೀವಿ, ಒಂಬತ್ತೂ ಸೋತಿದ್ದೀನಿ. ಮೂರನೇ ಸುತ್ತಿಗೇ ಮುಗಿದುಹೋಗುತ್ತೆ. ದೀಪಾವಳಿಗೆ ಮತ್ತೆ ಬರ್ತಾನೆ. ನಾನೂ ಒಂದು ಡ್ರ್ಯಾಗನ್ ತಗೊಳ್ಳಲಾ? ಅಥವಾ ಇರೋ ಸೈನ್ಯದಲ್ಲೇ ಏನಾದರೂ ಮಾಡಬಹುದಾ?

ಉತ್ತರ: ಡ್ರ್ಯಾಗನ್ ತಗೋಬೇಡಿ. ಒಂದು ಡ್ರ್ಯಾಗನ್ ನಿಮ್ಮ ಎರಡು ಮೂರು ಈಟಿ ರೆಜಿಮೆಂಟ್‌ನ ಪಾಯಿಂಟ್ (ಸೈನ್ಯ ಕಟ್ಟುವಾಗ ಪ್ರತಿ ತುಕಡಿಗೂ ಇರುವ ಬೆಲೆ) ನುಂಗಿಬಿಡುತ್ತೆ. ಅದನ್ನು ಆಡಿಸಿ ಪಳಗಿದವನು ನಿಮ್ಮಣ್ಣ. ನಿಮ್ಮ ಡ್ರ್ಯಾಗನ್ ಅವನ ಡ್ರ್ಯಾಗನ್ ಎದುರು ನಿಂತರೆ ಅವನಿಗೆ ಗೊತ್ತಿರುವ ಆಟವನ್ನೇ ಆಡಿದಂತಾಗುತ್ತೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಕಿಂಗ್ಸ್ ಆಫ್ ವಾರ್ ಇಂಗ್ಲೆಂಡಿನ ಮ್ಯಾಂಟಿಕ್ ಗೇಮ್ಸ್‌ನವರದು, ನಿಯಮ ಮೊದಲು ಬರೆದವರು ಅಲೆಸ್ಸಿಯೊ ಕವಟೋರೆ, ಮೂರನೇ ಆವೃತ್ತಿ ಬಂದಿದ್ದು 2019ರಲ್ಲಿ. ಆರು ಅಡಿಗೆ ನಾಲ್ಕು ಅಡಿ ಮೇಜು, ಇಂಚಿನ ಟೇಪು, ಮಾಮೂಲಿ ಆರು ಮುಖದ ದಾಳ. ಗೊಂಬೆಗಳನ್ನು ಒಂದೊಂದಾಗಿ ತೆಗೆಯೋದಿಲ್ಲ, ಇಡೀ ರೆಜಿಮೆಂಟ್ ಒಂದೇ ತುಂಡು. ಹೊಡೆತ ಬಿದ್ದ ಮೇಲೆ ಎರಡು ದಾಳ ಹಾಕಿ ಒಟ್ಟು ಗಾಯ ಕೂಡಿಸಬೇಕು. ಆ ಮೊತ್ತ ರೆಜಿಮೆಂಟ್‌ನ ನರ್ವ್, ಅಂದರೆ ಎದೆಗಾರಿಕೆಯ ಅಂಕಿ, ಮುಟ್ಟಿದರೆ ಅದು ಮೇಜಿನಿಂದ ಹೋಯ್ತು. ಅಲ್ಲಿಯವರೆಗೆ ಪೂರಾ ಬಲದಲ್ಲೇ ಹೊಡೆಯುತ್ತೆ. ಇಲ್ಲಿ ಲೆಕ್ಕಕ್ಕೆ ಬರೋದು ರಟ್ಟಿನ ಅಳತೆ, ಗೊಂಬೆಯ ಬೆಲೆ ಅಲ್ಲ. ಹಾಗಾಗಿ ಕಾಗದದ ಸೈನ್ಯ ಅಂತ ನೀವು ಸಂಕೋಚಪಡಬೇಕಾದ್ದೇ ಇಲ್ಲ. 100ಕ್ಕೆ 80 ಮಿಲಿಮೀಟರ್ ರಟ್ಟು ಕತ್ತರಿಸಿದರೆ ಅದು ಒಂದು ಕಾಲಾಳು ರೆಜಿಮೆಂಟ್. ಅಡಿಕೆ ಹಾಳೆಯಲ್ಲಿ ಮಾತ್ರ ಮಾಡಬೇಡಿ. ಮಳೆಗಾಲದ ಥಂಡಿಗೆ ಮುದುರಿ ಡೊಂಕಾಗಿ ಅಳತೆ ಕೆಡುತ್ತೆ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಬಿಟ್ಟುಹೋಗಿದೆ. ಇಬ್ಬರದೂ ಸಮ ಪಾಯಿಂಟೇ? ಯಾವ ಸಿನಾರಿಯೋ, ಅಂದರೆ ಗೆಲುವು ಯಾವುದರಿಂದ ಅಂತ ಹೇಳುವ ಪಂದ್ಯದ ಬಗೆ, ಆಡ್ತೀರಿ? ಪಾಯಿಂಟ್ ಸಮ ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಅಣ್ಣನ ಹತ್ತಿರ ಬಾಯಿಬಿಟ್ಟು ಕೇಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಎರಡನೆಯದು ಇನ್ನೂ ಮುಖ್ಯ. ಮನೆಯಲ್ಲಿ ಆಡುವವರು ಸಾಮಾನ್ಯವಾಗಿ ಸಿನಾರಿಯೋ ಬಿಟ್ಟು "ಯಾರು ಜಾಸ್ತಿ ಕೊಲ್ತಾರೋ ಅವರು ಗೆದ್ದರು" ಅಂತ ಆಡ್ತಾರೆ. ನೀವೂ ಹಾಗೇ ಆಡಿದ್ದರೆ ಒಂಬತ್ತು ಸೋಲಿನಲ್ಲಿ ಅರ್ಧದ ಕಾರಣ ಅಲ್ಲೇ ಇದೆ. ಕೊಲ್ಲೋದಕ್ಕೇ ಕಟ್ಟಿದ ಸೈನ್ಯದ ಜೊತೆ ಕೊಲ್ಲೋ ಪಂದ್ಯಕ್ಕೆ ನಿಂತಿದ್ದೀರಿ.

ಪುಸ್ತಕದಲ್ಲಿ ಡಾಮಿನೇಟ್ ಅಂತ ಒಂದು ಸಿನಾರಿಯೋ ಇದೆ. ಕೊನೆಗೆ ಮೇಜಿನ ನಡುಬಿಂದುವಿನಿಂದ 12 ಇಂಚಿನೊಳಗೆ ಯಾರ ಯುನಿಟ್ ಸ್ಟ್ರೆಂಗ್ತ್ (ಜಾಗ ಹಿಡಿಯುವ ತೂಕದ ಅಂಕಿ) ಹೆಚ್ಚೋ ಅವರದು ಗೆಲುವು. ಇನ್ವೇಡ್‌ನಲ್ಲಿ ಎದುರಾಳಿಯ ಅರ್ಧಭಾಗ ಹೊಕ್ಕವರ ಲೆಕ್ಕ. ಈ ಎರಡರಲ್ಲೂ ದುಬಾರಿ ಡ್ರ್ಯಾಗನ್‌ಗಿಂತ ನಿಮ್ಮ ಅಗ್ಗದ ಕಾಲಾಳು ರೆಜಿಮೆಂಟ್‌ಗೇ ತೂಕ ಜಾಸ್ತಿ. ಸಿನಾರಿಯೋ ದಾಳ ಹಾಕಿ ಆರಿಸೋಣ ಅಂತ ಅಣ್ಣನಿಗೆ ಹೇಳಿ.

ಈಗ ಡ್ರ್ಯಾಗನ್ ವಿಷಯಕ್ಕೆ ಬರ್ತೀನಿ.

ನಾನೂ ಒಂದು ಇಡೀ ಮಳೆಗಾಲ ಸೋತವನು. ಶಿವಮೊಗ್ಗದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಭಾನುವಾರ ಭಾನುವಾರ ಆಟ. ಅವರ ಹತ್ತಿರ ಹಾರುವ ದೊಡ್ಡ ಮೃಗಗಳು ಎರಡು. ನಾನು ಕಾಲಾಳನ್ನು ಮುಂದೆ ನೆಟ್ಟಗೆ ಸಾಲು ನಿಲ್ಲಿಸ್ತಿದ್ದೆ. ಬಿಲ್ಲುಗಾರರಿಗೆ ಏಟು ಬೀಳಬಾರದು ಅಂತ ಹತ್ತು ಇಂಚು ಹಿಂದೆ ಬಿಡ್ತಿದ್ದೆ. ನೋಡೋಕೆ ಚೆಂದ ಇರ್ತಿತ್ತು. ಎರಡನೇ ಸುತ್ತಿಗೆ ಅವರ ಮೃಗ ಹಾರಿ ಬಂದು ಸರಿಯಾಗಿ ಆ ಹತ್ತು ಇಂಚಿನ ಖಾಲಿ ಜಾಗದಲ್ಲಿ ಇಳೀತಿತ್ತು. ಮೂರನೇ ಸುತ್ತಿಗೆ ನನ್ನ ಕಾಲಾಳಿನ ಬೆನ್ನಿಗೆ. ಪ್ರತಿ ವಾರ ಇದೇ ಕಥೆ.

ಆ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ನಮ್ಮಜ್ಜಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹುಲಿ-ಕುರಿ ಆಟ ಆಡ್ತಿದ್ದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮನೆ, ಹುಲಿಗೆ ಮೂರು ಅಡಿಕೆ, ಕುರಿಗೆ ಹದಿನೈದು ಹುಣಸೆಬೀಜ. ಚಿಕ್ಕವನೊಬ್ಬ ಕುರಿಗಳನ್ನು ಅಲ್ಲೊಂದು ಇಲ್ಲೊಂದು ಇಟ್ಟು ಒಂದಾದ ಮೇಲೊಂದು ಕಳಕೊಳ್ತಿದ್ದ. ಅಜ್ಜಿ ಹೇಳಿದರು: "ಹುಲಿ ಹಾರ್ಬೇಕಂದ್ರೆ ಆಚೆ ಮನೆ ಖಾಲಿ ಇರ್ಬೇಕಲ ಮಾರಾಯ. ನೀ ಯಾಕೆ ಖಾಲಿ ಬಿಡ್ತೀಯ?"

ನಾನು ಅಲ್ಲೇ ಕೂತು ಆ ಆಟ ಮುಗಿಯೋವರೆಗೂ ನೋಡಿದೆ. ಕುರಿಗಳು ಒಂದೂ ಹುಲಿಯನ್ನು ಕೊಲ್ಲಲಿಲ್ಲ. ಕೊಲ್ಲೋ ನಿಯಮವೇ ಆ ಆಟದಲ್ಲಿ ಇಲ್ಲ. ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಹುಲಿಗೆ ಇಳಿಯಲು ಮನೆ ಇಲ್ಲದ ಹಾಗೆ ಮಾಡಿ ಗೆದ್ದವು.

ಕಿಂಗ್ಸ್ ಆಫ್ ವಾರ್‌ನಲ್ಲೂ ಲೆಕ್ಕ ಹೆಚ್ಚುಕಮ್ಮಿ ಇದೇ. ಹಾರುವ ಯುನಿಟ್ ಎಲ್ಲರ ತಲೆ ಮೇಲೂ ಹೋಗಬಹುದು, ಆದರೆ ಇಳಿಯೋಕೆ ಅದರ ಬೇಸ್ (ಗೊಂಬೆ ನಿಂತಿರುವ ತಳ) ಅಗಲದ ಜಾಗ ಬೇಕು. ಚಾರ್ಜ್ (ನುಗ್ಗಿ ಹೊಡೆಯೋದು) ಮಾಡದೇ ಬರೀ ಸರಿದು ಬಂದರೆ ಶತ್ರುವಿನಿಂದ ಒಂದು ಇಂಚು ದೂರವೂ ಇರಬೇಕು. ಬೆನ್ನಿಗೆ ಚಾರ್ಜ್ ಮಾಡಬೇಕಾದರೆ ಆ ಸುತ್ತು ಶುರುವಾಗುವಾಗಲೇ ನಿಮ್ಮ ಬೆನ್ನಿನ ಕಡೆ ಇರಬೇಕು. ಅಂದರೆ ಮೊದಲು ನಿಮ್ಮ ಹಿಂದೆ ಎಲ್ಲಾದರೂ ಇಳಿದಿರಲೇಬೇಕು. ಅಣ್ಣನ ಡ್ರ್ಯಾಗನ್ ಬೇಸ್ ಅಳೆದುಕೊಳ್ಳಿ. 3 ಇಂಚು ಅಂತಿಟ್ಟುಕೊಂಡರೆ ಎರಡು ಸಾಲಿನ ನಡುವೆ ಇಳಿಯೋಕೆ ಅದಕ್ಕೆ 5 ಇಂಚು ಬೇಕು. ನೀವು 3 ಇಂಚಷ್ಟೇ ಬಿಡಿ. ಬಿಲ್ಲುಗಾರರನ್ನು ಕಾಲಾಳಿಗೆ ಅಂಟಿಕೊಂಡ ಹಾಗೆ ನಿಲ್ಲಿಸಿ, ಅವರ ಬೆನ್ನು ಮೇಜಿನ ಅಂಚಿಗೆ ಹತ್ತಿರ ಇರಲಿ. ಸಾಲಿನ ಕೊನೆಯ ರೆಜಿಮೆಂಟ್ ಪಕ್ಕಕ್ಕೆ ದಾಟಲಾಗದ ಬಂಡೆಯೋ ಮೇಜಿನ ಅಂಚೋ ಸಿಗುವ ಹಾಗೆ ನೋಡಿ. ಆಗ ಡ್ರ್ಯಾಗನ್‌ಗೆ ಉಳಿಯೋದು ನಿಮ್ಮ ಮುಖದ ಕಡೆಯ ದಾರಿ ಮಾತ್ರ.

ಮುಖದ ಮೇಲೆ ಬಿತ್ತು ಅಂದುಕೊಳ್ಳಿ. ಈಗ ಹೇಳೋದನ್ನು ಹೊಸಬರು ಪುಸ್ತಕದಲ್ಲಿ ಓದಿಯೂ ಬಿಟ್ಟುಬಿಡ್ತಾರೆ. ಕೈಕೈ ಹೋರಾಟದಲ್ಲಿ ಒಂದೇ ಒಂದು ಗಾಯ ಆದರೂ ಆ ಯುನಿಟ್ ತನ್ನ ಮುಂದಿನ ಸುತ್ತಿಗೆ ಡಿಸಾರ್ಡರ್ಡ್, ಅಂದರೆ ಸಾಲು ಕೆಟ್ಟದ್ದು. ಡಿಸಾರ್ಡರ್ಡ್ ಆದದ್ದು ಹಾರೋ ಹಾಗಿಲ್ಲ. ಬಾಣದ ಗಾಯಕ್ಕೆ ಇದು ಅನ್ವಯ ಆಗಲ್ಲ, ಹತ್ತಿರ ಹೋಗಿ ಹೊಡೀಬೇಕು. ಡ್ರ್ಯಾಗನ್‌ನ ಡಿಫೆನ್ಸ್ 5+, ನಿಮ್ಮ ಅಗ್ಗದ ತುಕಡಿಗೆ ಹತ್ತು ಏಟು, 4+ಕ್ಕೆ ತಗಲುತ್ತೆ ಅಂತಿಟ್ಟುಕೊಳ್ಳಿ. ಅಂದರೆ ದಾಳದಲ್ಲಿ 4 ಅಥವಾ ಮೇಲೆ ಬಿದ್ದರೆ ಏಟು ತಗಲುತ್ತೆ, ತಗಲಿದ್ದಕ್ಕೆ ಮತ್ತೆ ಹಾಕಿ 5 ಅಥವಾ ಮೇಲೆ ಬಿದ್ದರೆ ಗಾಯ. ಒಂದೊಂದು ಏಟು ಗಾಯವಾಗುವ ಸಾಧ್ಯತೆ ಆರರಲ್ಲಿ ಒಂದು. ಹತ್ತರಲ್ಲಿ ಒಂದಾದರೂ ಗಾಯವಾಗುವ ಸಾಧ್ಯತೆ ನೂರಕ್ಕೆ 84. ಆ ತುಕಡಿ ಮುಂದಿನ ಸುತ್ತಿಗೆ ಸತ್ತೇಹೋಗಲಿ, ಅಷ್ಟು ದೊಡ್ಡ ಮೃಗ ಒಂದು ಸುತ್ತು ನೆಲದ ಮೇಲೆ ತೆವಳಿರುತ್ತೆ. ಎರಡು ಸುತ್ತು ಹೀಗೆ ಹಿಡಿದಿಟ್ಟರೆ ಆರು ಸುತ್ತಿನ ಆಟದಲ್ಲಿ ಅದರ ಕೆಲಸದ ಮೂರನೇ ಒಂದು ಭಾಗ ಹೋದ ಹಾಗೆ. ನಿಮ್ಮಂಥ ಸೈನ್ಯ ಡ್ರ್ಯಾಗನ್‌ಗೆ ಮಾಡಬೇಕಾದ್ದು ಇಷ್ಟೇ. ಕೊಲ್ಲೋಕೆ ಹೋಗಬೇಡಿ, ಅದಕ್ಕೆ ಸುರಿಯುವ ಬಾಣವನ್ನು ಕುದುರೆಗಳಿಗೆ ಉಳಿಸಿ.

ಕುದುರೆ ಸವಾರರನ್ನು ಮಾತ್ರ ಕೊಲ್ಲಲೇಬೇಕು, ಕೊಲ್ಲಬಹುದು ಕೂಡ. ಇಲ್ಲಿ ಟೇಪು ಕೈಯಲ್ಲಿ ಹಿಡಿದುಕೊಳ್ಳಿ.

ಮೇಜು 48 ಇಂಚು ಆಳ. ಇಬ್ಬರೂ ತಂತಮ್ಮ ಅಂಚಿನಿಂದ 12 ಇಂಚಿನೊಳಗೆ ಸೈನ್ಯ ಇಡ್ತೀರಿ, ನಡುವೆ 24 ಇಂಚು. ಚಾರ್ಜ್ ದೂರ ವೇಗದ ಎರಡರಷ್ಟು: ವೇಗ 5ರ ನಿಮ್ಮ ಕಾಲಾಳಿಗೆ 10 ಇಂಚು, ವೇಗ 8ರ ಕುದುರೆಗೆ 16. ಯಾವಾಗ ಬೇಕಾದರೂ ಅಳೆದು ನೋಡಲು ಈ ಆಟದಲ್ಲಿ ಅವಕಾಶ ಇದೆ, ಹಾಗಾಗಿ ಎದುರು ಬದುರು ನಿಂತರೆ ಮೊದಲ ಏಟು ಯಾವಾಗಲೂ ಅವನದೇ. ಅದನ್ನು ಬದಲಾಯಿಸೋಕೆ ಆಗಲ್ಲ. ಆ ಮೊದಲ ಏಟು ಯಾರ ಮೇಲೆ ಬೀಳಬೇಕು ಅನ್ನೋದು ಮಾತ್ರ ನಿಮ್ಮ ಕೈಯಲ್ಲಿದೆ.

ಚಿಕ್ಕ ತುಕಡಿಯೊಂದನ್ನು ಎರೆ ಮಾಡಿ. ನಿಮ್ಮ ಸಾಲಿನಿಂದ ಸುಮಾರು 4 ಇಂಚು ಮುಂದೆ, ಕುದುರೆಗಳಿಗೆ ನೇರ ಅಡ್ಡವಾಗಿ ನಿಲ್ಲಿಸಿ. ಕುದುರೆಗಳು ಹಾರೋದಿಲ್ಲ, ಎರೆಯನ್ನು ದಾಟಿ ಹಿಂದಿನವರನ್ನು ಮುಟ್ಟಲು ಆಗಲ್ಲ. ಎರೆಯ ಎಡಕ್ಕೊಂದು ಬಲಕ್ಕೊಂದು ಈಟಿ ರೆಜಿಮೆಂಟ್ ಇರಲಿ. ಇವು ಎಷ್ಟು ಅಗಲಕ್ಕೆ ಇರಬೇಕು ಅನ್ನೋದರಲ್ಲೇ ಎಲ್ಲಾ ಇದೆ. ಯುನಿಟ್‌ನ ಮೂಲೆಯಿಂದ 45 ಡಿಗ್ರಿ ಗೆರೆ ಎಳೆದರೆ ಗೆರೆಯ ಒಂದು ಬದಿಗೆ ಮುಖ, ಇನ್ನೊಂದು ಬದಿಗೆ ಪಕ್ಕೆ. ನಿಮ್ಮ ರೆಜಿಮೆಂಟ್‌ನ ಮುಂಗಡೆ ಅಂಚಿನ ನಡುಬಿಂದು ಆ ಗೆರೆಯ ಯಾವ ಬದಿಗಿದೆಯೋ ಅಲ್ಲಿಗೇ ಚಾರ್ಜ್. ಹಾಗಾಗಿ ಎರೆ ಮುಂದಕ್ಕೆ ಎಷ್ಟು ಇದೆಯೋ ಅದಕ್ಕಿಂತ ಹೆಚ್ಚು ನಿಮ್ಮ ರೆಜಿಮೆಂಟ್ ಪಕ್ಕಕ್ಕೆ ಇರಬೇಕು. 8-9 ಇಂಚು ಪಕ್ಕಕ್ಕೆ, ಸ್ವಲ್ಪ ಮುಂದೆ ಇಟ್ಟರೆ ಸರಿಹೋಗುತ್ತೆ. ಸ್ಕೂಲಿನ ಜ್ಯಾಮಿಟ್ರಿ ಬಾಕ್ಸ್ ಮನೆಯಲ್ಲಿ ಎಲ್ಲಾದರೂ ಇದ್ದೇ ಇರುತ್ತೆ, ಅದರ 45 ಡಿಗ್ರಿ ಸೆಟ್ ಸ್ಕ್ವೇರ್ ಹುಡುಕಿ ತೆಗೆದಿಟ್ಟುಕೊಳ್ಳಿ. ನನಗೆ ಇದಕ್ಕಿಂತ ಉಪಯೋಗವಾದ ಸಾಮಾನು ಇನ್ನೊಂದಿಲ್ಲ.

ಅವನ ಕುದುರೆ ಎರೆಯನ್ನು ಹೊಡೆದು ಉರುಳಿಸುತ್ತೆ. ಆಮೇಲೆ ಅವನಿಗಿರೋದು ಮೂರು ದಾರಿ: ಇದ್ದಲ್ಲೇ ಬೇಕಾದ ಕಡೆ ತಿರುಗಬಹುದು, ಒಂದು ದಾಳದಷ್ಟು ಇಂಚು ಮುಂದೆ ಹೋಗಬಹುದು, ಇಲ್ಲಾ ಸ್ವಲ್ಪ ಹಿಂದೆ ಸರಿಯಬಹುದು. ಈಗ ಲೆಕ್ಕ ನೋಡಿ. ನಿಮ್ಮ ಒಂದು ರೆಜಿಮೆಂಟ್‌ಗೆ 12 ಏಟು, 4+ಕ್ಕೆ ತಗಲುತ್ತೆ, ಕುದುರೆಯ ಡಿಫೆನ್ಸ್ 5+ ಅಂತಿಟ್ಟುಕೊಳ್ಳಿ. ಮುಖಕ್ಕೆ ಹೊಡೆದರೆ ಸರಾಸರಿ 2 ಗಾಯ. ಪಕ್ಕೆಗೆ ಹೊಡೆದರೆ ಏಟು ಎರಡರಷ್ಟು, 4 ಗಾಯ. ಬೆನ್ನಿಗೆ ಮೂರರಷ್ಟು, 6 ಗಾಯ. ಅವನು ನೇರ ಮುಂದಕ್ಕೇ ಮುಖ ಮಾಡಿ ನಿಂತರೆ ನಿಮ್ಮ ಇಬ್ಬರಿಗೂ ಪಕ್ಕೆ ಸಿಗುತ್ತೆ: 4 ಮತ್ತು 4, ಎಂಟು. ಹೆದರಿ ಎಡಗಡೆಯವರಿಗೆ ಮುಖ ತಿರುಗಿಸಿದರೆ ಬಲಗಡೆಯವರಿಗೆ ಬೆನ್ನು ಕೊಟ್ಟ ಹಾಗಾಯ್ತು: 2 ಮತ್ತು 6, ಅದೂ ಎಂಟೇ. ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೆ ಆದ ಖುಷಿ ಇವತ್ತಿಗೂ ನೆನಪಿದೆ.

ಎಂಟು ಗಾಯ ಆದ ಕುದುರೆಯ ನರ್ವ್ 14/16 (ಮೊದಲನೆಯದು ಕಂಗೆಡುವ ಅಂಕಿ, ಎರಡನೆಯದು ಓಡುವ ಅಂಕಿ) ಇದ್ದರೆ, ಎರಡು ದಾಳದಲ್ಲಿ 8 ಅಥವಾ ಮೇಲೆ ಬಿದ್ದರೆ ಓಟ ಕಿತ್ತಿತು. 36ರಲ್ಲಿ 15 ಸಲ, ನೂರಕ್ಕೆ 42. ಓಡದಿದ್ದರೂ 6 ಬಿದ್ದರೆ ಸಾಕು, ಮುಂದಿನ ಸುತ್ತಿಗೆ ಚಾರ್ಜ್ ಮಾಡಲಾಗದೆ ಕಂಗೆಟ್ಟು ನಿಲ್ಲುತ್ತೆ. ಒಂದು ತೊಡಕಿದೆ. ಇನ್‌ಸ್ಪೈರಿಂಗ್ ಗುಣ ಇರುವ ಅವನ ನಾಯಕ 6 ಇಂಚಿನೊಳಗಿದ್ದರೆ ನೀವು ಓಡಿಸಿದ ದಾಳವನ್ನು ಮತ್ತೊಮ್ಮೆ ಹಾಕಬೇಕಾಗುತ್ತೆ, 42 ಅನ್ನೋದು 17ಕ್ಕೆ ಇಳಿಯುತ್ತೆ. ಅದಕ್ಕೇ ಬಾಣ ಉಳಿಸಿ ಅಂದಿದ್ದು. ಎರಡು ರೆಜಿಮೆಂಟ್ ಬಿಲ್ಲುಗಾರರು ಒಂದು ಸುತ್ತು ಅದೇ ಕುದುರೆಗಳ ಮೇಲೆ ಹೊಡೆದರೆ ಸರಾಸರಿ ಎರಡು ಗಾಯ. ಮೊದಲೇ ಎರಡು ಇದ್ದು ಆಮೇಲೆ ಎಂಟು ಸೇರಿದರೆ ಹತ್ತು. ಆಗ 6 ಬಿದ್ದರೂ ಓಟ: ನೂರಕ್ಕೆ 72, ನಾಯಕ ಪಕ್ಕದಲ್ಲಿದ್ದರೂ 52. ಇಬ್ಬರು ಬಿಲ್ಲುಗಾರರನ್ನು ಎರಡು ಬೇರೆ ಗುರಿಗೆ ಹೊಡೆಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಎರೆ ಹೋದದ್ದಕ್ಕೆ ಮರುಗಬೇಡಿ. ಆದರೆ ಎರೆ ಅಂತ ಈಟಿ ರೆಜಿಮೆಂಟ್ ಇಡಬೇಡಿ, ಅದು ಕೊನೆಯ ಸುತ್ತಿಗೆ ನಡುಮೇಜಿನಲ್ಲಿ ನಿಲ್ಲಬೇಕಾದದ್ದು.

ಇನ್ನು ನೆಲ. ಮೇಜಿನ ಮೇಲೆ ಕಾಡು, ಗುಡ್ಡ, ಬೇಲಿ ಎಷ್ಟಿದೆ ಅಂತ ನೀವು ಬರೆದಿಲ್ಲ. ಬರೀ ಹಲಗೆ ಮೇಲೆ ಆಡ್ತಿದ್ದರೆ ಅದು ಬಯಲುಸೀಮೆ, ಕುದುರೆಯವನಿಗೆ ಹಬ್ಬ. ಮಲೆನಾಡಿನಲ್ಲಿ ಕೂತು ಬಯಲಿನಲ್ಲಿ ಯಾಕೆ ಯುದ್ಧ ಮಾಡಬೇಕು? 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ಬಂದಾಗ ಕೆಳದಿಯ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟಳು. ಔರಂಗಜೇಬನ ಸೈನ್ಯ ಬೆನ್ನಟ್ಟಿ ಬಂತು. ಆ ಸೈನ್ಯವನ್ನು ಪೂರಾ ಮುಗಿಸೋದು ಕೆಳದಿಯ ಕೈಲಾಗುವ ಕೆಲಸವಾಗಿರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ರಾಜಾರಾಮ ತಮಿಳುನಾಡಿನ ಜಿಂಜಿ ಕೋಟೆ ಮುಟ್ಟಬೇಕು, ಕೆಳದಿ ಉಳಿಯಬೇಕು. ಕಾಡು, ಘಟ್ಟ, ಮಳೆ ಎಲ್ಲವನ್ನೂ ಬೆನ್ನಿಗಿಟ್ಟುಕೊಂಡು ತಡೆದು ನಿಲ್ಲಿಸಿದಳು. ರಾಜಾರಾಮ ಜಿಂಜಿ ಮುಟ್ಟಿದ, ಕೊನೆಗೆ ಮೊಘಲರ ಜೊತೆ ಒಪ್ಪಂದವಾಯ್ತು. ಸಿನಾರಿಯೋ ಅಂತ ನಾನು ಮತ್ತೆ ಮತ್ತೆ ಹೇಳೋದು ಇದನ್ನೇ. ನಿಮಗೆ ಕೆಳದಿಯವರ ಕೋಟೆ ಕವಲೇದುರ್ಗ ಹತ್ತಿರ. ಹೋಗಿದ್ದರೆ ನೆನಪು ಮಾಡಿಕೊಳ್ಳಿ, ಹೋಗದಿದ್ದರೆ ಒಂದು ದಿನ ಹತ್ತಿ ಬನ್ನಿ. ಸುತ್ತಿನ ಮೇಲೆ ಸುತ್ತು ಗೋಡೆ, ಗುಡ್ಡದ ಏರಿಳಿತಕ್ಕೆ ತಕ್ಕ ಹಾಗೆ ಬಳಸಿಕೊಂಡು ಹೋಗುತ್ತೆ. ಎಷ್ಟೇ ದೊಡ್ಡ ದಂಡು ಬಂದರೂ ಬಾಗಿಲಲ್ಲಿ ಕಿರಿದಾಗಲೇಬೇಕು.

ಆಟದಲ್ಲಿ ಕಾಡು ಕುದುರೆಯ ಚಾರ್ಜನ್ನು ನಿಲ್ಲಿಸಲ್ಲ, ಏಟನ್ನು ಕುಗ್ಗಿಸುತ್ತೆ. ಕಾಡು ಹಾದು ಚಾರ್ಜ್ ಮಾಡಿದವನಿಗೆ ತಗಲುವ ದಾಳದಲ್ಲಿ ಒಂದು ಕಡಿಮೆ. ನಿಮ್ಮ ಈಟಿಯವರಿಗೆ ಫ್ಯಾಲ್ಯಾಂಕ್ಸ್ ಅಂತ ಬರೆದಿದ್ದರೆ, ಮುಖಕ್ಕೆ ಬಂದ ಕುದುರೆಯ ಥಂಡರಸ್ ಚಾರ್ಜ್ (ನುಗ್ಗುವಾಗ ಗಾಯದ ದಾಳಕ್ಕೆ ಸೇರುವ ಅಂಕಿ) ಕೂಡ ನಡೆಯಲ್ಲ. 3+ಕ್ಕೆ ಹೊಡೆಯುವ 16 ಏಟು, ಥಂಡರಸ್ ಚಾರ್ಜ್ 2, ನಿಮ್ಮ ಡಿಫೆನ್ಸ್ 4+ ಅಂತಿಟ್ಟುಕೊಂಡರೆ ಬಯಲಿನಲ್ಲಿ ಮಾಮೂಲಿ ಕಾಲಾಳಿಗೆ ಸುಮಾರು 9 ಗಾಯ, ಈಟಿಯವರಿಗೆ 5, ಕಾಡಿನ ಅಂಚಿನಿಂದ ಒಂದು ಇಂಚು ಹಿಂದೆ ನಿಂತ ಈಟಿಯವರಿಗೆ 4. ಕಾಡಿನ ಒಳಗೆ ನಿಲ್ಲಬೇಡಿ, ನೀವು ಹೊರಗೆ ಚಾರ್ಜ್ ಮಾಡುವಾಗ ಅದೇ ನಿಮಗೂ ಮುಳುವಾಗುತ್ತೆ. ಕಾಡು ಮಾಡೋದು ಕಷ್ಟವಲ್ಲ. ಅಂಗಳದ ಗೋಡೆ ಮೇಲಿನ ಪಾಚಿ ಎಬ್ಬಿಸಿ ಬಿಸಿಲಲ್ಲಿ ಒಣಗಿಸಿ ರಟ್ಟಿಗೆ ಅಂಟಿಸಿದರೆ ಅಂಗಡಿಯದಕ್ಕಿಂತ ಚೆನ್ನಾಗಿ ಕಾಣುತ್ತೆ. ಮೇಜಿಗೆ ಎಂಟು ಹತ್ತು ತುಣುಕು ಇಡಿ. ಅಣ್ಣ ಒಪ್ಪಿಯೇ ಇಡಬೇಕು.

ಸೈನ್ಯ ಇಡುವಾಗ ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ಯುನಿಟ್ ಇಡ್ತೀರಿ. ನಿಮ್ಮದು ಅಗ್ಗದ ಸೈನ್ಯ, ಸಂಖ್ಯೆ ಜಾಸ್ತಿ. ಚಿಕ್ಕಪುಟ್ಟವನ್ನು ಮೊದಲು ಇಡ್ತಾ ಹೋಗಿ. ಅವನ ಡ್ರ್ಯಾಗನ್ನು, ಕುದುರೆ ಎಲ್ಲಾ ಕೂತ ಮೇಲೆ ನಿಮ್ಮ ಈಟಿ ರೆಜಿಮೆಂಟ್ ಇಡಿ.

ಇನ್ನೊಂದು, ಸಾಧ್ಯವಾದರೆ ಒಂದು ಆಟ ಸೈನ್ಯ ಅದಲುಬದಲು ಮಾಡಿ ಆಡಿ. ಅಣ್ಣನ ಡ್ರ್ಯಾಗನ್ ನಿಮ್ಮ ಕೈಗೆ ಬಂದ ಕೂಡಲೇ ಅದನ್ನು ಎಲ್ಲಿ ಇಳಿಸೋಕೆ ನಿಮಗೇ ಭಯವಾಗುತ್ತೆ ಅಂತ ಗಮನಿಸಿ. ಆ ಜಾಗಗಳನ್ನು ಒಂದು ಕಾಗದದಲ್ಲಿ ಬರೆದಿಡಿ. ನನ್ನ ಆ ಗೆಳೆಯರು ತಾವೇ ಮುಂದಾಗಿ ಹೀಗೆ ಆಡಿಸಿದರು. ಆ ಒಂದು ಸಂಜೆ ಕಲಿತಷ್ಟು ಅದಕ್ಕೆ ಹಿಂದಿನ ಮಳೆಗಾಲ ಪೂರ್ತಿ ಕಲಿತಿರಲಿಲ್ಲ. ನಿಮಗೆ ಆಟ ಕಲಿಸಿದ ಅಣ್ಣ ಇದಕ್ಕೂ ಇಲ್ಲ ಅನ್ನಲಾರ.

ದೀಪಾವಳಿಗೆ ಮುಂಚೆ ಊರಿಗೆ ಹೋದಾಗ ಜಗಲಿ ಮೇಲೆ ಹಲಗೆ ಹಾಕಿ ಒಬ್ಬರೇ ಕೂತು ಬರೀ ಸೈನ್ಯ ಇಡೋದನ್ನು ಐದಾರು ಸಲ ಮಾಡಿ ನೋಡಿ. ದಾಳ ಬೇಡ. ಡ್ರ್ಯಾಗನ್ ಬೇಸ್ ಅಳತೆಯ ಒಂದು ರಟ್ಟು ಕತ್ತರಿಸಿ, ಅದರ ಸುತ್ತ ಒಂದೊಂದು ಇಂಚು ಸೇರಿಸಿಕೊಂಡೇ ಕತ್ತರಿಸಿ. ಅದನ್ನು ನಿಮ್ಮ ಸಾಲಿನ ಹಿಂದೆ, ಬಿಲ್ಲುಗಾರರ ನಡುವೆ, ಮೇಜಿನ ಅಂಚಿನ ಹತ್ತಿರ ಎಲ್ಲೆಲ್ಲಿ ಕೂರುತ್ತೋ ಕೂರಿಸಿ ನೋಡಿ. ಕೂತರೆ ಅಲ್ಲಿ ನಿಮ್ಮ ರೆಜಿಮೆಂಟನ್ನು ಇನ್ನೊಂದಿಷ್ಟು ಹತ್ತಿರ ಸರಿಸಿ, ಮತ್ತೆ ಇಟ್ಟು ನೋಡಿ.